ಹದಿನೈದು ದಿನದ ನೋಟೀಸಿಗೆ ತಲಪಾಡಿಯ ಆಚೆ ಒಂದರ್ಥ, ಈಚೆ ಇನ್ನೊಂದರ್ಥ

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿ ನಡೆಸುವ ಪರಿಚಯದವರೊಬ್ಬರಿಗೆ ಕಳೆದ ಮಳೆಗಾಲದಲ್ಲಿ ವಕೀಲರ ನೋಟೀಸು ಬಂತು. ಇಂಗ್ಲಿಷಿನಲ್ಲಿ ಒಂದೂವರೆ ಪುಟ. ಐದು ತಿಂಗಳ ಬಾಡಿಗೆ ಬಾಕಿ ಇದೆ ಎಂಬ ಒಕ್ಕಣೆ. ಹದಿನೈದು ದಿನದ ಗಡುವು. ಅವರು ಅದನ್ನು ಮಂಗಳೂರಿನಲ್ಲಿರುವ ಭಾವನಿಗೆ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಓದಿ ಹೇಳಿದರು. ಭಾವ ಅಲ್ಲಿ ಬಂದರಿನ ಬಳಿ ಗೋದಾಮು ಬಾಡಿಗೆಗೆ ಹಿಡಿದು, ಇಂಥದೇ ಕಾಗದ ಬಂದಾಗ ಜಾಗ ಬಿಟ್ಟುಕೊಟ್ಟವರು. "ಹದಿನೈದು ದಿನದ ನೋಟೀಸು ಬಂತೂಂದ್ರೆ ಮುಗೀತು ಭಾವ, ಸಾಮಾನು ಕಟ್ಟುದೇ" ಎಂದರು. ಒಂಬತ್ತನೆಯ ದಿನ ನಾನು ಅಂಗಡಿಗೆ ಹೋದಾಗ ಮೇಲಿನ ಅಟ್ಟದ ಸೀರೆಗಳು ಆಗಲೇ ರಟ್ಟಿನ ಪೆಟ್ಟಿಗೆಗೆ ಇಳಿದಿದ್ದವು.

ಭಾವ ಹೇಳಿದ್ದು ಅವರ ಊರಿನ ಮಟ್ಟಿಗೆ ತಪ್ಪಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರಡಿಗಿಂತ, ದೊಡ್ಡದಾದ ವ್ಯಾಪಾರದ ಮಳಿಗೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗೆ ಹೊರಗುಳಿದ ಅಂಗಡಿಗೂ ಗೋದಾಮಿಗೂ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತಿಂಗಳ ಬಾಡಿಗೆಯ ವ್ಯವಸ್ಥೆಯನ್ನು ಮಾಲೀಕರು ಹದಿನೈದು ದಿನದ ನೋಟೀಸು ಕೊಟ್ಟು ಯಾವ ಕಾರಣವನ್ನೂ ಹೇಳದೆ ಕೊನೆಗೊಳಿಸಬಹುದು. ಆ ಮೇಲೂ ಬಾಡಿಗೆದಾರ ಬಿಡದಿದ್ದರೆ ಸಿವಿಲ್ ದಾವೆ ಹೂಡಬೇಕೇ ಹೊರತು ಬೀಗ ಒಡೆಯುವಂತಿಲ್ಲ ಎಂಬುದು ನಿಜವಾದರೂ, ಆ ದಾವೆಯಲ್ಲಿ ಬಾಡಿಗೆದಾರನಿಗೆ ಹೇಳಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ.

ಗಡಿಯ ತಲಪಾಡಿ ದಾಟಿ ಈಚೆ, ಕೇರಳಕ್ಕೆ, ಬಂದರೆ ಲೆಕ್ಕ ಬದಲಾಗುತ್ತದೆ. 1956ರ ನವೆಂಬರ್ 1ರವರೆಗೆ ಎರಡೂ ಊರುಗಳು ಮದ್ರಾಸಿನ ಆಡಳಿತದ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇಂದು ಕಾಸರಗೋಡು ಪಟ್ಟಣದ ಅಂಗಡಿಗೆ ಅನ್ವಯಿಸುವುದು 1965ರ ಕೇರಳ ಕಟ್ಟಡ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯ್ದೆ. ಕರ್ನಾಟಕದ ಹಾಗೆ ಚದರಡಿಯ ಲೆಕ್ಕದಲ್ಲಿ ದೊಡ್ಡ ಮಳಿಗೆಯನ್ನು ಹೊರಗಿಡುವ ಪದ್ಧತಿ ಅದರಲ್ಲಿಲ್ಲ. ಅದರ 11ನೇ ಕಲಂ ಹೇಳುವುದಿಷ್ಟು: ಅಲ್ಲಿ ನಮೂದಿಸಿರುವ ಕಾರಣಗಳಲ್ಲಿ ಒಂದನ್ನು ಬಾಡಿಗೆ ನಿಯಂತ್ರಣ ನ್ಯಾಯಾಲಯದ ಮುಂದೆ ಸಾಬೀತುಪಡಿಸದೆ ಯಾವ ಮಾಲೀಕರೂ ಬಾಡಿಗೆದಾರನನ್ನು ಒಕ್ಕಲೆಬ್ಬಿಸುವಂತಿಲ್ಲ. ಬಾಕಿಯ ಕಾರಣಕ್ಕೆ ಒಕ್ಕಲೆಬ್ಬಿಸಬೇಕಾದರೆ ಮೊದಲು ರಿಜಿಸ್ಟರ್ಡ್ ನೋಟೀಸು ಕಳುಹಿಸಬೇಕು. ಅದು ಕೈಸೇರಿದ ಅಥವಾ ಬಾಡಿಗೆದಾರ ಅದನ್ನು ನಿರಾಕರಿಸಿದ ದಿನದಿಂದ ಹದಿನೈದು ದಿನದೊಳಗೆ ಬಾಕಿಯನ್ನು ವರ್ಷಕ್ಕೆ ಶೇಕಡಾ 6ರ ಬಡ್ಡಿ ಮತ್ತು ನೋಟೀಸಿನ ಅಂಚೆ ಖರ್ಚಿನೊಂದಿಗೆ ಕೊಟ್ಟುಬಿಟ್ಟರೆ ಆ ಬಾಕಿಯ ಮೇಲೆ ಅರ್ಜಿ ಹಾಕುವ ದಾರಿಯೇ ಮುಚ್ಚುತ್ತದೆ. ಮಂಗಳೂರಿನ ಹದಿನೈದು ದಿನ ಜಾಗ ಬಿಡಲು ಕೊಟ್ಟ ಗಡುವು. ಕಾಸರಗೋಡಿನ ಹದಿನೈದು ದಿನ ಜಾಗ ಉಳಿಸಿಕೊಳ್ಳಲು ಕೊಟ್ಟ ಗಡುವು. ಹದಿನೈದು ದಿನ ತಪ್ಪಿ, ಕೇಸು ನಡೆದು, ಆದೇಶ ವಿರುದ್ಧವಾದರೂ ಒಂದು ತಿಂಗಳೊಳಗೆ ಬಾಕಿ, ಬಡ್ಡಿ ಮತ್ತು ಕೋರ್ಟು ಖರ್ಚನ್ನು ಠೇವಣಿ ಇಟ್ಟರೆ ಆ ಆದೇಶವನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ.

ಇಲ್ಲೊಂದು ಎಚ್ಚರ ಅಗತ್ಯ. ಈ ಕಾಯ್ದೆ ರಾಜ್ಯದ ಪ್ರತಿಯೊಂದು ಮೂಲೆಗೂ ತಾನಾಗಿ ಅನ್ವಯವಾಗುವುದಿಲ್ಲ. ಅದನ್ನು ವಿಸ್ತರಿಸಿದ ಪ್ರದೇಶಗಳಿಗೆ ಮಾತ್ರ ಅನ್ವಯ. ಒಳನಾಡಿನ ಪಂಚಾಯತಿನಲ್ಲಿ ಮೂರು ರಸ್ತೆ ಕೂಡುವಲ್ಲಿರುವ ಒಂದು ಹಂಚಿನ ಅಂಗಡಿ ಅದರ ಹೊರಗಿದ್ದರೆ, ಅಲ್ಲಿ ಮತ್ತೆ 106ನೇ ಕಲಮೇ ಬರುತ್ತದೆ, ಮಂಗಳೂರಿನ ಭಾವನ ಮಾತೇ ಸರಿಯಾಗುತ್ತದೆ. ಆದ್ದರಿಂದ ನೋಟೀಸು ಹಿಡಿದು ಬಂದ ಕಕ್ಷಿಗೆ ವಕೀಲರು ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟೆಂಬುದಲ್ಲ, ಕಟ್ಟಡ ಯಾವ ಪಂಚಾಯತಿನಲ್ಲಿದೆ ಎಂಬುದು.

ನನ್ನ ಅಭಿಪ್ರಾಯದಲ್ಲಿ ಕಾಸರಗೋಡಿನ ಕನ್ನಡ ವ್ಯಾಪಾರಿಗಳಿಗೆ ಆಗುವ ನಷ್ಟದ ದೊಡ್ಡ ಪಾಲು ಕಾನೂನು ಕಠಿಣವಾಗಿರುವುದರಿಂದ ಆಗುವುದಲ್ಲ, ನೆರೆಮನೆಯ ಕಾನೂನನ್ನು ತಮ್ಮದೆಂದು ನಂಬುವುದರಿಂದ ಆಗುವುದು. ನಮಗೆ ಕನ್ನಡದಲ್ಲಿ ಸಿಗುವ ಕಾನೂನು ಅಂಕಣ, ವೀಡಿಯೋ, ವಾಟ್ಸಾಪ್ ಸಂದೇಶ, ಎಲ್ಲವೂ ಬಹುಪಾಲು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ತಯಾರಾದದ್ದು. ಅಲ್ಲಿನ ಓದುಗರಿಗೆ ಅಲ್ಲಿನ ಕಾನೂನನ್ನು ಹೇಳುವಾಗ ಗಡಿಯಾಚೆಯವರೂ ಓದುತ್ತಾರೆಂಬ ನೆನಪು ಬರೆಯುವವರಿಗೆ ಇರಬೇಕಾಗಿಲ್ಲ. ನಮ್ಮ ಮೇಲೆ ಜಾರಿಯಲ್ಲಿರುವ ಕಾನೂನಿನ ವಿವರಣೆ ಸಿಗುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ.

ಈ ಗೊಂದಲದ ಅತ್ಯಂತ ಸಾಮಾನ್ಯ ರೂಪ ಹನ್ನೊಂದು ತಿಂಗಳ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆಪತ್ರವನ್ನು ನೋಂದಾಯಿಸಲೇಬೇಕೆಂದು ಕಾನೂನಿದೆ. ಆ ಖರ್ಚು ತಪ್ಪಿಸಲು ಎರಡೂ ಕಡೆಯವರು ಛಾಪಾಕಾಗದದಲ್ಲಿ ಹನ್ನೊಂದು ತಿಂಗಳೆಂದು ಬರೆಯುತ್ತಾರೆ. ಬರೆದ ಕಾರಣ ಇಷ್ಟೇ. ಆದರೆ ಹನ್ನೆರಡನೆಯ ತಿಂಗಳು ಬಂದಾಗ ಮಾಲೀಕರು ಅವಧಿ ಮುಗಿಯಿತೆನ್ನುತ್ತಾರೆ, ಬಾಡಿಗೆದಾರರೂ ಹೌದೆಂದು ನಂಬುತ್ತಾರೆ. ಬಾಡಿಗೆ ನಿಯಂತ್ರಣ ಕಾಯ್ದೆ ಇರುವ ಪ್ರದೇಶದಲ್ಲಿ ಅವಧಿ ಮುಗಿದದ್ದು ಒಕ್ಕಲೆಬ್ಬಿಸುವ ಕಾರಣವೇ ಅಲ್ಲ. ಕರಾರು ಮುಗಿದ ಮೇಲೂ ಬಾಡಿಗೆ ಕೊಡುತ್ತ ಕುಳಿತವನು ಕಾಯ್ದೆಯ ದೃಷ್ಟಿಯಲ್ಲಿ ಬಾಡಿಗೆದಾರನೇ. ಅವನು ತೀರಿಕೊಂಡರೆ ಅವನ ವಾರಸುದಾರರೂ ಬಾಡಿಗೆದಾರರೇ. ಇದನ್ನು ಅರಿತ ಕೆಲವು ಮಾಲೀಕರು ಪತ್ರದ ತಲೆಬರಹದಲ್ಲಿ ಬಾಡಿಗೆ ಎಂಬ ಶಬ್ದವನ್ನೇ ಬಿಟ್ಟು ಲೈಸೆನ್ಸ್ ಕರಾರು ಎಂದು ಹಾಕಿಸುತ್ತಾರೆ, ಹೋಟೆಲಾದರೆ 'ನಡೆಸಲು ಕೊಟ್ಟದ್ದು' ಎಂದು ಬರೆಸುತ್ತಾರೆ. ನ್ಯಾಯಾಲಯ ನೋಡುವುದು ತಲೆಬರಹವನ್ನಲ್ಲ, ಕೀಲಿಕೈ ಯಾರ ಕೈಯಲ್ಲಿತ್ತು, ಜಾಗದ ಪೂರ್ಣ ಸ್ವಾಧೀನ ಯಾರದಿತ್ತು ಎಂಬುದನ್ನು. ಪಾತ್ರೆ, ಮೇಜು, ಒಲೆ, ಹೆಸರು ಸಮೇತ ನಡೆಯುತ್ತಿರುವ ಹೋಟೆಲನ್ನು ನಿಜವಾಗಿಯೂ ನಡೆಸಲು ಕೊಟ್ಟಿದ್ದರೆ ಅದರ ಲೆಕ್ಕ ಬೇರೆ. ನಾಲ್ಕು ಗೋಡೆಯ ಖಾಲಿ ರೂಮು ಕೊಟ್ಟು ಹಾಗೆ ಬರೆಸಿದರೆ ಆ ಬರಹ ನಿಲ್ಲುವುದು ಕಷ್ಟ.

ಮಾಲೀಕರ ಕಡೆಯಿಂದ ನೋಡಿದರೆ ಇದೆಲ್ಲ ಅನ್ಯಾಯವೆಂದೇ ತೋರುತ್ತದೆ, ಮತ್ತು ಆ ಭಾವನೆಯಲ್ಲಿ ಹುರುಳಿದೆ. ನಮ್ಮಲ್ಲಿ ಕಟ್ಟಡದ ಮಾಲೀಕರೆಂದರೆ ಎಲ್ಲರೂ ಧಣಿಗಳಲ್ಲ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿನ ಪೇಟೆಯಲ್ಲಿ ನಾಲ್ಕು ರೂಮು ಕಟ್ಟಿದವರು, ಗಂಡ ಬಿಟ್ಟುಹೋದ ಎರಡು ಅಂಗಡಿಯ ಬಾಡಿಗೆಯಲ್ಲಿ ಮನೆ ನಡೆಸುವ ಹೆಂಗಸರು, ಇಂಥವರೇ ಹೆಚ್ಚು. ಅವರಿಗೆ ಕಾಯ್ದೆ ಕೊಟ್ಟಿರುವ ಮುಖ್ಯ ದಾರಿ 11ನೇ ಕಲಮಿನ ಮೂರನೇ ಉಪಕಲಂ: ತನಗೋ ತನ್ನನ್ನು ಅವಲಂಬಿಸಿರುವ ಕುಟುಂಬದವರಿಗೋ ಕಟ್ಟಡ ಪ್ರಾಮಾಣಿಕವಾಗಿ ಬೇಕಾಗಿದೆ ಎಂದು ತೋರಿಸುವುದು. ಗಲ್ಫಿನಿಂದ ಮರಳಿದ ಮಗ ಮೆಡಿಕಲ್ ಶಾಪ್ ತೆರೆಯಬೇಕೆಂದಿದ್ದಾನೆ ಎಂಬುದು ಅಂಥ ಅಗತ್ಯವಾಗಬಲ್ಲದು. ಆದರೆ ಅದೇ ಊರಿನಲ್ಲಿ ತನ್ನದೇ ಇನ್ನೊಂದು ಕಟ್ಟಡ ಖಾಲಿಯಾಗಿ ತನ್ನ ವಶದಲ್ಲಿದ್ದರೆ, ಅದು ಯಾಕೆ ಸಾಲದು ಎಂಬುದಕ್ಕೆ ವಿಶೇಷ ಕಾರಣ ಕೊಡಬೇಕು. ಕಟ್ಟಡವನ್ನು ಹೊಸದಾಗಿ ಕ್ರಯಕ್ಕೆ ಪಡೆದವರು ಪತ್ರವಾದ ಒಂದು ವರ್ಷ ಕಳೆಯುವ ಮೊದಲು ಈ ಕಾರಣಕ್ಕೆ ಅರ್ಜಿ ಹಾಕುವಂತಿಲ್ಲ. ಬಿಡಿಸಿಕೊಂಡ ಮೇಲೆ ಸಕಾರಣವಿಲ್ಲದೆ ಒಂದು ತಿಂಗಳೊಳಗೆ ತಾವು ಬಂದು ಕೂರದಿದ್ದರೆ ಹಳೆಯ ಬಾಡಿಗೆದಾರ ಜಾಗ ಮರಳಿ ಕೇಳಬಹುದು.

ಇದಕ್ಕೆ ಬಾಡಿಗೆದಾರನಿಗಿರುವ ಗುರಾಣಿ ಅದೇ ಉಪಕಲಮಿನ ಎರಡನೆಯ ಪರಂತುಕ, ಅಂದರೆ ಕಲಮಿಗೆ ಸೇರಿಸಿದ ಷರತ್ತು, ಮತ್ತು ನಮ್ಮ ವ್ಯಾಪಾರಿಗಳು ತಾವಾಗಿಯೇ ಮುರಿದುಕೊಳ್ಳುವುದೂ ಅದನ್ನೇ. ತನ್ನ ಜೀವನೋಪಾಯ ಮುಖ್ಯವಾಗಿ ಈ ಅಂಗಡಿಯ ಆದಾಯದಿಂದಲೇ ನಡೆಯುತ್ತಿದೆ ಎಂದೂ, ಆ ಆಸುಪಾಸಿನಲ್ಲಿ ತನ್ನ ವ್ಯಾಪಾರಕ್ಕೆ ಸರಿಹೊಂದುವ ಬೇರೆ ಕಟ್ಟಡ ಸಿಗುವುದಿಲ್ಲವೆಂದೂ ತೋರಿಸಿದರೆ ಅವನನ್ನು ಮಾಲೀಕರ ಸ್ವಂತ ಅಗತ್ಯಕ್ಕಾಗಿ ಒಕ್ಕಲೆಬ್ಬಿಸುವಂತಿಲ್ಲ. ಎರಡನ್ನೂ ಬಾಡಿಗೆದಾರನೇ ಸಾಬೀತುಪಡಿಸಬೇಕು, ಒಂದು ಸಾಲದು. ವರ್ಷಾನುಗಟ್ಟಲೆ ತೆರಿಗೆಯ ಲೆಕ್ಕದಲ್ಲಿ ಅಂಗಡಿಯಿಂದ ಏನೂ ಹುಟ್ಟುವುದಿಲ್ಲವೆಂದು ತೋರಿಸುತ್ತ ಬಂದವರು ಕಟಕಟೆಯಲ್ಲಿ ನಿಂತು ಹೊಟ್ಟೆ ತುಂಬುವುದೇ ಅದರಿಂದ ಎಂದಾಗ ಎದುರು ವಕೀಲರು ಹಳೆಯ ರಿಟರ್ನ್ಸ್ ತೆಗೆದು ಮುಂದಿಡುತ್ತಾರೆ. ತೋಟದ ಅಡಿಕೆಯ ಆದಾಯ ಬೇರೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇನ್ನು ಖಾಲಿ ರೂಮಿನ ವಿಷಯ: ಹೊಸ ಕಾಂಪ್ಲೆಕ್ಸುಗಳ ಶಟರುಗಳ ಮೇಲೆ ಬಾಡಿಗೆಗೆ ಇದೆ ಎಂಬ ಬೋರ್ಡು ತೂಗುತ್ತಿರುವಾಗ, ಅವು ಯಾಕೆ ತನಗೆ ಒಗ್ಗುವುದಿಲ್ಲ ಎಂಬುದನ್ನು ವ್ಯಾಪಾರದ ಬಗೆಗೆ ತಕ್ಕಂತೆ, ಸಾಕ್ಷ್ಯ ಸಹಿತ ಹೇಳಬೇಕಾಗುತ್ತದೆ. ಬಾಯಿಮಾತಿನಿಂದ ಈ ಕೆಲಸ ಆಗುವುದಿಲ್ಲ.

ಗಲ್ಫ್ ಸಂಬಂಧ ನಮ್ಮ ಜಿಲ್ಲೆಯ ಬಾಡಿಗೆ ವ್ಯವಹಾರವನ್ನು ಎರಡೂ ತುದಿಯಲ್ಲಿ ತೊಡಕುಗೊಳಿಸಿದೆ. ಬಾಡಿಗೆದಾರನೇ ದುಬೈಗೆ ಹೋಗಿ ಅಂಗಡಿಯನ್ನು ಭಾವಮೈದುನನ ಕೈಗೆ ಬಿಟ್ಟರೆ ಮಾಲೀಕರಿಗೆ ಒಂದೇ ಬಾರಿಗೆ ಎರಡು ಕಾರಣ ಸಿಗುತ್ತವೆ: ಅನುಮತಿಯಿಲ್ಲದ ಒಳಬಾಡಿಗೆ ಮತ್ತು ಸಕಾರಣವಿಲ್ಲದೆ ಸತತ ಆರು ತಿಂಗಳು ಬಾಡಿಗೆದಾರ ಕಟ್ಟಡದಲ್ಲಿ ಇಲ್ಲದಿರುವುದು. ಒಳಬಾಡಿಗೆಯ ವಿಷಯದಲ್ಲಿ ಮೊದಲು ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕೆಂಬ ನಿಯಮವಿದೆ. ನೋಟೀಸು ಬಂದ ತಕ್ಷಣ ಹಿಂದಿನ ತಾರೀಕಿನ ಪಾಲುದಾರಿಕೆ ಪತ್ರ ಸೃಷ್ಟಿಸುವ ಚಾಳಿಯೂ ನಮ್ಮಲ್ಲಿದೆ, ಅದು ಲೈಸೆನ್ಸು, ಬ್ಯಾಂಕ್ ಖಾತೆ ಮತ್ತು ತೆರಿಗೆ ನೋಂದಣಿಯ ಹೆಸರುಗಳೊಂದಿಗೆ ತಾಳೆಯಾಗದೆ ಬಯಲಾಗುವುದೂ ಅಷ್ಟೇ ಸಾಮಾನ್ಯ.

ಮಾಲೀಕರೇ ಗಲ್ಫಿನಲ್ಲಿದ್ದರೆ ಇಲ್ಲಿ ವ್ಯವಹರಿಸುವುದು ಮುಕ್ತಿಯಾರುನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಹಿಡಿದವರು. ವಿದೇಶದಲ್ಲಿ ಬರೆದ ಮುಕ್ತಿಯಾರುನಾಮೆಯನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸುವುದು ವಾಡಿಕೆ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಾಲೀಕರ ಸ್ವಂತ ತಿಳುವಳಿಕೆಯಲ್ಲಿ ಮಾತ್ರ ಇರುವ ಸಂಗತಿಗೆ ಮುಕ್ತಿಯಾರು ಅವರ ಬದಲಾಗಿ ಸಾಕ್ಷಿ ನುಡಿಯಲಾರರೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿರುವುದರಿಂದ, ಸ್ವಂತ ಅಗತ್ಯದ ಕೇಸಿನಲ್ಲಿ ಮಾಲೀಕರು ರಜೆ ಹಾಕಿ ಬಂದು ಕಟಕಟೆ ಹತ್ತುವುದೇ ಕ್ಷೇಮ. ಬಾಡಿಗೆದಾರರು ಅರಿಯದೆ ಸಿಕ್ಕಿಬೀಳುವ ಇನ್ನೊಂದು ಸಂಗತಿಯಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಮಾಲೀಕರು ಅನಿವಾಸಿಗಳಾಗಿದ್ದರೆ, ಬಾಡಿಗೆ ಎಷ್ಟೇ ಚಿಕ್ಕದಿರಲಿ, ಅದರಿಂದ ಶೇಕಡಾ 30 ಮತ್ತು ಸೆಸ್ ಸೇರಿ 31.2ರಷ್ಟನ್ನು ಮುರಿದು ಸರಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನದು. ಊರಿನ ಮಾಲೀಕರಿಗೆ ಕೊಡುವ ಬಾಡಿಗೆಗಿರುವ ವಿನಾಯಿತಿಯ ಮಿತಿ ಇದಕ್ಕಿಲ್ಲ. ಮಾಲೀಕರು ಅರ್ಜಿ ಹಾಕಿ ಕಡಿಮೆ ದರದ ಪ್ರಮಾಣಪತ್ರ ತರಿಸಿಕೊಳ್ಳಬಹುದು. ತರಿಸದಿದ್ದರೆ, ಮುರಿಯದಿದ್ದರೆ, ಇಲಾಖೆ ಹಿಡಿಯುವುದು ಅಂಗಡಿಯವನನ್ನು.

ಜಿಎಸ್‌ಟಿಯಲ್ಲೂ ಬಾಡಿಗೆಯ ಭಾರ ಈಚೆಗೆ ಕೈ ಬದಲಿಸಿದೆ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರಿಂದ ವ್ಯಾಪಾರದ ಕಟ್ಟಡ ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿಯೇ ಬಾಡಿಗೆಯ ಮೇಲಿನ ಶೇಕಡಾ 18ನ್ನು ರಿವರ್ಸ್ ಚಾರ್ಜಿನಲ್ಲಿ ಕಟ್ಟಬೇಕು. ತಿಂಗಳಿಗೆ 12,000 ರೂಪಾಯಿ ಬಾಡಿಗೆಯಾದರೆ 2,160 ರೂಪಾಯಿ. ಸಾಮಾನ್ಯ ನೋಂದಣಿಯವರು ಅದನ್ನು ನಗದಾಗಿ ಕಟ್ಟಿ, ಮತ್ತೆ ಕ್ರೆಡಿಟ್ ಪಡೆದು ತಮ್ಮ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಕ್ರೆಡಿಟ್ ಇಲ್ಲದ್ದರಿಂದ ಅದು ಪೂರ್ತಿ ಕೈಯಿಂದ ಹೋಗುತ್ತಿತ್ತು. 2025ರ ಜನವರಿ 16ರಿಂದ ಅವರನ್ನು ಇದರಿಂದ ಹೊರಗಿಡಲಾಗಿದೆ. ಕಾಂಪೊಸಿಷನಿನವರು ಮರೆಯುವ ಇನ್ನೊಂದು ಕಟ್ಟಳೆಯೆಂದರೆ ಅವರು ಸರಕನ್ನು ಹೊರರಾಜ್ಯದಿಂದ ತರಬಹುದು, ಹೊರರಾಜ್ಯಕ್ಕೆ ಮಾರುವಂತಿಲ್ಲ. ಮಂಜೇಶ್ವರದಿಂದ ಮಂಗಳೂರಿಗೆ ಮಾಲು ಕಳುಹಿಸುವುದು ಪಕ್ಕದ ಕೇರಿಗೆ ಕೊಟ್ಟಷ್ಟೇ ಸಹಜವೆನಿಸುವ ನಮ್ಮಲ್ಲಿ ಈ ತಪ್ಪು ಸುಲಭ. 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ನಿಯಮದಂತೆ, ನೋಂದಣಿಯಿಲ್ಲದ ಗಿರಾಕಿಯ ಬಿಲ್ಲಿನಲ್ಲಿ ಅವರ ರಾಜ್ಯ ಕರ್ನಾಟಕವೆಂದು ಬರೆದರೆ ಸಾಕು, ಆ ಮಾರಾಟ ಅಂತರರಾಜ್ಯವಾಗುತ್ತದೆ; ವಿಳಾಸ ಬರೆಯದಿದ್ದರೆ ಊರಿನ ಮಾರಾಟ.

ಸಾಲದ ವ್ಯವಹಾರದಲ್ಲೂ ಗಡಿ ಅಡ್ಡಬರುತ್ತದೆ. ಮಂಗಳೂರಿನ ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ ಮರಳಿದರೆ ಅವರು ಮೂವತ್ತು ದಿನದೊಳಗೆ ನೋಟೀಸು ಕೊಡುತ್ತಾರೆ, ಇಲ್ಲೂ ಹದಿನೈದು ದಿನದ ಗಡುವು, ಆಮೇಲೆ ಒಂದು ತಿಂಗಳೊಳಗೆ ಕ್ರಿಮಿನಲ್ ಫಿರ್ಯಾದಿ. 2015ರ ತಿದ್ದುಪಡಿಯ ನಂತರ, ಖಾತೆಗೆ ಹಾಕಿದ ಚೆಕ್ಕಿನ ಕೇಸು ನಡೆಯುವುದು ಹಣ ಪಡೆಯಬೇಕಾದವರ ಬ್ಯಾಂಕ್ ಶಾಖೆ ಇರುವಲ್ಲಿ. ಅಂದರೆ ಉಪ್ಪಳದ ಅಂಗಡಿಯವರು ಪ್ರತಿ ವಾಯಿದೆಗೂ ಮಂಗಳೂರಿನ ಬಸ್ಸು ಹಿಡಿಯಬೇಕು. ಹದಿನೈದು ದಿನದ ಈ ಮೂರನೆಯ ಅರ್ಥವನ್ನು ಮಾತ್ರ ಎರಡೂ ಕಡೆಯವರು ಸರಿಯಾಗಿ ಬಲ್ಲರು, ಜೈಲಿನ ಭಯವಿರುವುದರಿಂದ ಇರಬೇಕು.

ಇನ್ನು ಲೈಸೆನ್ಸು. ನಗರಸಭೆ ಅಥವಾ ಪಂಚಾಯತಿನ ಲೈಸೆನ್ಸಿಗೆ ಮೊದಲ ಸಲ ಮಾಲೀಕರ ಸಮ್ಮತಿಪತ್ರ ಬೇಕಾಗುತ್ತದೆ. ಕೋರ್ಟಿಗೆ ಹೋಗದೆ ಬಾಡಿಗೆದಾರನನ್ನು ಹೊರಹಾಕಲು ಬಯಸುವವರು ನವೀಕರಣದ ಹೊತ್ತಿಗೆ ಆ ಸಹಿಯನ್ನು ತಡೆಹಿಡಿಯುತ್ತಾರೆ. ಕಾನೂನುಬದ್ಧ ಬಾಡಿಗೆದಾರನ ನವೀಕರಣಕ್ಕೆ ಮಾಲೀಕರ ಹೊಸ ಸಮ್ಮತಿ ಬೇಕೆಂದು ಪಟ್ಟುಹಿಡಿಯುವಂತಿಲ್ಲವೆಂದು ತಿರುವನಂತಪುರ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಮಾನಿಸಿದೆ. ಹಾಗೆಯೇ ಕರೆಂಟು, ನೀರು ಕಡಿಯುವುದನ್ನು ಬಾಡಿಗೆ ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ರಾತ್ರಿ ಬಂದು ಬೇರೆ ಬೀಗ ಜಡಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಸ್ವಾಧೀನ ಮರಳಿ ಪಡೆಯಬಹುದು. ಮಾಲೀಕತ್ವ ಯಾರದೆಂಬ ಪ್ರಶ್ನೆಯನ್ನು ಆ ದಾವೆಯಲ್ಲಿ ಎತ್ತುವುದಿಲ್ಲ.

ಹಳೆಯ ಹಂಚಿನ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟುವ ಕಾಲ ಇದು. ಪುನರ್ನಿರ್ಮಾಣ ಕೂಡ ಒಕ್ಕಲೆಬ್ಬಿಸಲು ಒಂದು ಕಾರಣವೇ. ಆದರೆ ಮಂಜೂರಾದ ನಕ್ಷೆ, ಪರವಾನಗಿ, ಕಟ್ಟುವ ಶಕ್ತಿ ಮೂರನ್ನೂ ಮಾಲೀಕರು ತೋರಿಸಬೇಕು, ಮತ್ತು ಹೊಸ ಕಟ್ಟಡದಲ್ಲಿ ಜಾಗ ಪಡೆಯುವ ಮೊದಲ ಹಕ್ಕು ಹಳೆಯ ಬಾಡಿಗೆದಾರನದು. 'ಒಪ್ಪಿ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆದ ಕಾಗದಕ್ಕೆ ಐವತ್ತು ಸಾವಿರ ಪಡೆದು ಸಹಿ ಹಾಕಿದವರು ಕಳೆದುಕೊಳ್ಳುವುದು ಈ ಹಕ್ಕನ್ನು. ಜಾಗವನ್ನಷ್ಟೇ ಗೇಣಿಗೆ ಪಡೆದು 1967ರ ಮೇ 20ಕ್ಕೆ ಮೊದಲು ತಾವೇ ಅಂಗಡಿ ಕಟ್ಟಿಕೊಂಡ ಕುಟುಂಬಗಳು ನಮ್ಮ ಹಳೆ ಪೇಟೆಗಳಲ್ಲಿ ಇನ್ನೂ ಇದ್ದರೆ, ಅವರನ್ನು ಕೇರಳ ಭೂಸುಧಾರಣಾ ಕಾಯ್ದೆಯ 106ನೇ ಕಲಂ ಆ ಜಾಗದಿಂದ ಎಬ್ಬಿಸದಂತೆ ರಕ್ಷಿಸುತ್ತದೆ. ಈ 106 ಬೇರೆ, ಮಂಗಳೂರಿನ ಭಾವ ಹೆದರಿದ 106 ಬೇರೆ.

ಭಾಷೆಯ ಮಾತನ್ನು ಬಿಡುವಂತಿಲ್ಲ. ಕರಾರುಪತ್ರ ಮಲಯಾಳದಲ್ಲಿ ಬರೆದಿರುತ್ತದೆ, ಮಾತುಕತೆ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆದಿರುತ್ತದೆ, ಸಹಿ ಕನ್ನಡದಲ್ಲಿರುತ್ತದೆ. ಬರೆದ ಕರಾರು ಇರುವಾಗ ಬಾಯಲ್ಲಿ ಆಡಿದ್ದನ್ನು ಕೋರ್ಟು ಸಾಮಾನ್ಯವಾಗಿ ಕೇಳುವುದಿಲ್ಲ; ಅಂಗಡಿ ಹಿಡಿಯುವಾಗ ಪಗಡಿಯೆಂದು ಒಮ್ಮೆಗೇ ಕೊಟ್ಟ ಎರಡು ಲಕ್ಷ ಪತ್ರದಲ್ಲಿ ಇಲ್ಲದಿದ್ದರೆ ಅದನ್ನು ಮರಳಿ ಕೇಳುವುದು ದೊಡ್ಡ ಸಾಹಸ. ಸಹಿಗೆ ಮೊದಲು ಕನ್ನಡದ ಪ್ರತಿಯನ್ನು ಕೇಳಿ ಪಡೆಯುವುದಕ್ಕೂ, ಎರಡರಲ್ಲಿ ಭಿನ್ನತೆ ಬಂದರೆ ಯಾವುದು ನಿಲ್ಲಬೇಕೆಂದು ಒಂದು ಸಾಲು ಸೇರಿಸುವುದಕ್ಕೂ ಯಾವ ಅಡ್ಡಿಯೂ ಇಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಹೋರಾಟದ ಭಾಷಣಗಳಲ್ಲಿ ನಾವು ಅದನ್ನು ನೆನೆಯುವಷ್ಟು ಅಂಗಡಿಯ ಅರ್ಜಿಗಳಲ್ಲಿ ಬಳಸುವುದಿಲ್ಲ.

ಬಟ್ಟೆ ಅಂಗಡಿಯವರ ಬಾಕಿಯೂ ನಿಜವಾದ ಬಾಕಿಯಾಗಿರಲಿಲ್ಲ. ಬಾಡಿಗೆ ಏರಿಸಬೇಕೆಂದು ಮಾಲೀಕರ ಮುಕ್ತಿಯಾರು ಐದು ತಿಂಗಳಿಂದ ಹಣ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು, ಇವರು ತಿಂಗಳು ತಿಂಗಳೂ ಅದನ್ನು ಲಕೋಟೆಯಲ್ಲಿ ಹಾಕಿ ಗಲ್ಲಾದ ಕೆಳಗಿನ ಖಾನೆಯಲ್ಲಿ ಇಟ್ಟಿದ್ದರು. ಮಾಲೀಕರು ಬಾಡಿಗೆ ನಿರಾಕರಿಸಿದರೆ ಬ್ಯಾಂಕ್ ಖಾತೆ ತಿಳಿಸುವಂತೆ ನೋಟೀಸು ಕೊಟ್ಟು, ತಿಳಿಸದಿದ್ದರೆ ಮನಿಯಾರ್ಡರ್ ಕಳುಹಿಸಿ ರಶೀದಿ ಇಟ್ಟುಕೊಳ್ಳಲು ಕಾಯ್ದೆಯ 9ನೇ ಕಲಂ ದಾರಿ ಹೇಳಿಕೊಟ್ಟಿದೆ; ಖಾನೆಯಲ್ಲಿಟ್ಟ ಲಕೋಟೆ ಅದರಲ್ಲಿ ಸೇರುವುದಿಲ್ಲ. ಹದಿಮೂರನೆಯ ದಿನ ವಕೀಲರ ಮೂಲಕ 60,000 ರೂಪಾಯಿ ಬಾಡಿಗೆ ಮತ್ತು 900 ರೂಪಾಯಿ ಬಡ್ಡಿ ಮಾಲೀಕರ ಖಾತೆಗೆ ಹೋಯಿತು. ಅಂಚೆ ಖರ್ಚು ಎಷ್ಟೆಂದು ನೋಟೀಸಿನಲ್ಲಿ ಬರೆದಿರಲಿಲ್ಲ. ಅಂಗಡಿಯವರು ಕಸದ ಬುಟ್ಟಿಗೆ ಹೋಗಬೇಕಿದ್ದ ಲಕೋಟೆಯನ್ನು ಹುಡುಕಿ ತಂದು, ಅದರ ಮೇಲೆ ಅಂಟಿಸಿದ್ದ ಅಂಚೆಯ ಚೀಟಿಯನ್ನು ಬೆಳಕಿಗೆ ಹಿಡಿದು, ಅಲ್ಲಿದ್ದ ಮೊತ್ತವನ್ನು ಪೈಸೆ ಬಿಡದೆ ಓದಿ ಹೇಳಿದರು. ವಕೀಲರ ಗುಮಾಸ್ತರು ಅದನ್ನೂ ಸೇರಿಸಿದರು.